ಒಂದು ಅಡಿಯ ಲಾರಿ

ನನಗೊಂದು ಚಟವಿದೆ. ಈ ಮಾತನ್ನು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ, ಅದೂ ಉಪನ್ಯಾಸಕರೆಲ್ಲರ ಕಣ್ಣಿಗೆ ಬೀಳುವ ಪುಟದಲ್ಲಿ ಒಪ್ಪಿಕೊಳ್ಳುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಆದರೆ ಸಂಪಾದಕ ಮಂಡಲಿಯ ಮಿತ್ರರು "ನಿನಗೆ ಚೆನ್ನಾಗಿ ತಿಳಿದ ವಿಷಯ ಯಾವುದಾದರೂ ಬರೆದುಕೊಡು" ಎಂದು ಎರಡು ವಾರದಿಂದ ಬೆನ್ನು ಬಿದ್ದಿದ್ದರು. ನನಗೆ ಚೆನ್ನಾಗಿ ತಿಳಿದ ವಿಷಯಗಳ ಪಟ್ಟಿ ಮಾಡಿ ನೋಡಿದೆ. ಪಠ್ಯವಿಷಯಗಳನ್ನೆಲ್ಲ ಪ್ರಾಮಾಣಿಕವಾಗಿ ಹೊಡೆದುಹಾಕಿದ ಮೇಲೆ ಒಂದೇ ಒಂದು ಉಳಿಯಿತು. ಅದನ್ನೇ ಬರೆಯುತ್ತೇನೆ. ನಾನು ಲಾರಿ ಮಾಡುತ್ತೇನೆ.

ಲೋಕದಲ್ಲಿ ಲಾರಿ ಕೊಳ್ಳುವವರುಂಟು, ಓಡಿಸುವವರುಂಟು. ಘಾಟಿಯಲ್ಲಿ ಅದರ ಹಿಂದೆ ಸಿಕ್ಕಿಕೊಂಡು ಶಪಿಸುವವರಂತೂ ಲೆಕ್ಕವಿಲ್ಲದಷ್ಟು. ಮಾಡುವವರು ಎಂದರೆ ಕಾರ್ಖಾನೆಯವರು ತಾನೆ? ನನ್ನ ಕಾರ್ಖಾನೆ ನಮ್ಮ ಮನೆಯ ನಡುಮನೆಯ ಕಿಟಕಿಯ ಕೆಳಗಿನ ಮೂರಡಿ ಜಾಗ. ಒಂದು ಹಳೆಯ ಮಣೆ, ಬ್ಲೇಡು, ಅಳತೆಪಟ್ಟಿ, ಫೆವಿಕಾಲ್ ಡಬ್ಬಿ, ಮೂರು ದರ್ಜೆಯ ಸ್ಯಾಂಡ್ ಪೇಪರು, ಕೂದಲು ಉದುರಿದ ನಾಲ್ಕು ಕುಂಚ: ಇಷ್ಟೇ ಯಂತ್ರೋಪಕರಣ. ಇಲ್ಲಿಂದ ಹೊರಬರುವ ಲಾರಿ ಒಂದು ಅಡಿ ಉದ್ದ ಇರುತ್ತದೆ. ನೋಡಿದವರು ಮೊದಲು "ಚೆನ್ನಾಗಿದೆ" ಎನ್ನುತ್ತಾರೆ. ಆಮೇಲೆ "ಯಾರ ಮಗುವಿಗೆ?" ಎನ್ನುತ್ತಾರೆ. ಯಾರ ಮಗುವಿಗೂ ಅಲ್ಲ ಎಂದು ತಿಳಿದಾಗ ಅವರ ಮುಖದಲ್ಲಿ ಮೂಡುವ ಕನಿಕರವನ್ನು ನಾನು ಬಲ್ಲೆ. ನಮ್ಮ ಅತ್ತೆಯಂತೂ ಅವ್ವನನ್ನು ಪಕ್ಕಕ್ಕೆ ಕರೆದು, "ಹುಡುಗ ಬಿ.ಎ. ಓದ್ತಾನೆ ಅಂದ್ಯಲ್ಲೇ?" ಎಂದು ಕೇಳಿಯೇಬಿಟ್ಟರು.

ಆಟದ ಲಾರಿಗೂ ನಾನು ಮಾಡುವ ಲಾರಿಗೂ ಇರುವ ಅಂತರ ಒಂದೇ, ಅದು ಅಳತೆ. ಜಾತ್ರೆಯಲ್ಲಿ ಸಿಗುವ ಲಾರಿಯ ಚಕ್ರ ದೊಡ್ಡದಿರಬಹುದು, ಬಾಗಿಲು ಬರಿಯ ಗೆರೆಯಾಗಿರಬಹುದು, ಮಗುವಿಗೆ ಅದರಿಂದ ತೊಂದರೆಯಿಲ್ಲ. ಮಾದರಿ ಎಂದು ಕರೆಸಿಕೊಳ್ಳಬೇಕಾದರೆ ಪ್ರತಿಯೊಂದು ಭಾಗವೂ ಒಂದೇ ಪ್ರಮಾಣದಲ್ಲಿ ಕುಗ್ಗಬೇಕು. ನಾನು ಹಿಡಿದಿರುವ ಪ್ರಮಾಣ ಇಪ್ಪತ್ತನಾಲ್ಕಕ್ಕೆ ಒಂದು. ಇದರಲ್ಲಿ ಒಂದು ಅಡಿ ಎಂದರೆ ಅರ್ಧ ಅಂಗುಲ. ನಮ್ಮ ಲಾರಿ ಬಾಡಿ ಕಟ್ಟುವವರು ಇಂದಿಗೂ ಅಡಿಯಲ್ಲೇ ಮಾತನಾಡುವುದರಿಂದ ಲೆಕ್ಕ ಬಾಯಲ್ಲೇ ಆಗುತ್ತದೆ. ಹದಿನೇಳು ಅಡಿಯ ತೊಟ್ಟಿ ಎಂಟೂವರೆ ಅಂಗುಲ. ಸುಮಾರು ನಲವತ್ತು ಅಂಗುಲ ಎತ್ತರದ 9.00-20 ಟೈರು ಒಂದೂಮುಕ್ಕಾಲು ಅಂಗುಲಕ್ಕೆ ಸ್ವಲ್ಪ ಕಡಿಮೆ. ಉದ್ದ ಇಪ್ಪತ್ತನಾಲ್ಕನೆಯ ಒಂದು ಪಾಲಾದರೆ ತೂಕ ಎಷ್ಟಾಗಬೇಕು? ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ 24ನ್ನು ಮೂರು ಸಲ ಗುಣಿಸಬೇಕು: 13,824. ಹದಿನಾರು ಟನ್ನಿನ ತುಂಬಿದ ಲಾರಿಯನ್ನು ಅದೇ ಕಬ್ಬಿಣ, ಅದೇ ಮರ, ಅದೇ ಸರಕಿನಿಂದ ಈ ಅಳತೆಗೆ ತಂದರೆ ಅದರ ತೂಕ ಒಂದು ಕಿಲೋಗೆ ನೂರೈವತ್ತು ಗ್ರಾಂ ಸೇರಿಸಿದಷ್ಟು. ರಸ್ತೆಯನ್ನು ನಡುಗಿಸುವ ಲಾರಿ ಒಂದು ಸೇರು ರಾಗಿಯ ಭಾರಕ್ಕೆ ಇಳಿಯುತ್ತದೆ! ಗಣಿತದಲ್ಲಿ ನಾನು ಕಂಡ ಒಂದೇ ಸೊಗಸು ಇದು.

ಈ ಹುಚ್ಚು ನನ್ನೊಬ್ಬನದೇ ಅಲ್ಲ ಎಂಬುದಕ್ಕೆ ಚರಿತ್ರೆಯ ಆಧಾರ ಕೊಡುತ್ತೇನೆ. ಇಂಗ್ಲೆಂಡಿನಲ್ಲಿ 1947ರಲ್ಲಿ ಆರಂಭವಾದ ಲೆಸ್ನಿ ಎಂಬ ಸಣ್ಣ ಕಾರ್ಖಾನೆಯಲ್ಲಿ ಜಾಕ್ ಓಡೆಲ್ ಎಂಬ ಕುಶಲಕರ್ಮಿಯಿದ್ದ. ಅವನ ಮಗಳ ಶಾಲೆಯಲ್ಲಿ ಬೆಂಕಿಪೆಟ್ಟಿಗೆಯೊಳಗೆ ಹಿಡಿಸುವ ಆಟಿಕೆ ಮಾತ್ರ ತರಬಹುದೆಂದು ನಿಯಮವಿತ್ತಂತೆ. ಅವನು ಹಿತ್ತಾಳೆಯಲ್ಲಿ ರಸ್ತೆ ಒತ್ತುವ ಪುಟ್ಟ ರೋಲರನ್ನು ಮಾಡಿಕೊಟ್ಟ. ಅದರಿಂದಲೇ 1953ರಲ್ಲಿ ಲೋಕಪ್ರಸಿದ್ಧವಾದ 'ಮ್ಯಾಚ್‌ಬಾಕ್ಸ್' ಗಾಡಿಗಳ ಸಾಲು ಹೊರಟಿತು. ಬಿಡಿಭಾಗ ಜೋಡಿಸುವ ಪ್ಲಾಸ್ಟಿಕ್ ಕಿಟ್ಟುಗಳಿಗೆ ಹೆಸರಾದ ಏರ್‌ಫಿಕ್ಸ್ ಸಂಸ್ಥೆ 1949ರಲ್ಲಿ ಮೊದಲು ಮಾಡಿದ್ದು ಯುದ್ಧವಿಮಾನವನ್ನಲ್ಲ, ಒಂದು ಫರ್ಗ್ಯುಸನ್ ಟ್ರ್ಯಾಕ್ಟರನ್ನು. ಟ್ರ್ಯಾಕ್ಟರ್ ಮಾರುವವರು ರೈತರಿಗೆ ತೋರಿಸಲೆಂದು ಮಾಡಿಸಿದ್ದು. ಇಂದು ಪ್ರಪಂಚವೆಲ್ಲ ಕೊಂಡಾಡುವ ಜಪಾನಿನ ತಮಿಯಾ ಸಂಸ್ಥೆ 1946ರಲ್ಲಿ ಹುಟ್ಟಿದಾಗ ಮರ ಕೊಯ್ಯುವ ಮಿಲ್ಲಾಗಿತ್ತು. ಹೀಗೆ ಟ್ರ್ಯಾಕ್ಟರು, ರೋಲರು, ಮರದ ಮಿಲ್ಲುಗಳ ವಂಶದಲ್ಲಿ ಬಂದ ಹವ್ಯಾಸಕ್ಕೆ ನಮ್ಮಂಥ ಹೆದ್ದಾರಿ ಪಕ್ಕದ ಊರಿನ ಹುಡುಗ ತಗಲಿಕೊಂಡರೆ ಆಶ್ಚರ್ಯವೇನು?

ನನಗೆ ಇದನ್ನು ಅಂಟಿಸಿದವರು ಸೋದರಮಾವ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅವರು ನಾನು ಹತ್ತನೆಯ ತರಗತಿ ತೇರ್ಗಡೆಯಾದಾಗ ಇಟಲಿಯ ಇಟಾಲೆರಿ ಸಂಸ್ಥೆಯ ಕಿಟ್ಟೊಂದನ್ನು ತಂದುಕೊಟ್ಟರು. ಯೂರೋಪಿನ ಭಾರೀ ಲಾರಿ. ಪೆಟ್ಟಿಗೆ ತೆರೆದರೆ ಕೊಂಬೆಗೆ ಹುಣಿಸೆಕಾಯಿ ನೇತುಬಿದ್ದಂತೆ ಪ್ಲಾಸ್ಟಿಕ್ ಕಡ್ಡಿಗಳಿಗೆ ಅಂಟಿಕೊಂಡ ನೂರಾರು ಭಾಗಗಳು, ಒಂದೊಂದಕ್ಕೂ ಒಂದೊಂದು ಸಂಖ್ಯೆ. ನಾನು ಒಂದೇ ರಾತ್ರಿಯಲ್ಲಿ ಮುಗಿಸಿಬಿಡುವ ಉತ್ಸಾಹದಲ್ಲಿ ಎಲ್ಲವನ್ನೂ ಮುರಿದು ರಾಶಿ ಹಾಕಿದೆ. ಸಂಖ್ಯೆಗಳು ಕಡ್ಡಿಯ ಮೇಲಿದ್ದವೇ ಹೊರತು ಭಾಗಗಳ ಮೇಲಲ್ಲ ಎಂಬುದು ಆಮೇಲೆ ತಿಳಿಯಿತು. ಮುಂದಿನ ಗಾಜನ್ನು ಫೆವಿಕ್ವಿಕ್ಕಿನಿಂದ ಅಂಟಿಸಿದೆ. ಬೆಳಗ್ಗೆ ನೋಡಿದರೆ ಗಾಜಿನ ಮೇಲೆಲ್ಲ ಮಂಜು ಕವಿದ ಹಾಗೆ ಬೆಳ್ಳಗಾಗಿತ್ತು. ಆ ಅಂಟಿನ ಆವಿ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಹಾಗೆ ಕೂರುತ್ತದೆ. ಬಣ್ಣವನ್ನು ಡಬ್ಬಿಯಲ್ಲಿದ್ದ ಹಾಗೇ ದಪ್ಪಗೆ ಬಳಿದೆ. ಬಾಗಿಲಿನ ಗೆರೆ, ಹಿಡಿ, ತಿರುಪುಗಳೆಲ್ಲ ಮೊಸರಿನಲ್ಲಿ ಮುಳುಗಿದಂತೆ ಮುಳುಗಿದವು. ಲಾರಿ ಕುಗ್ಗುತ್ತದೆ, ಬಣ್ಣದ ಪದರ ಕುಗ್ಗುವುದಿಲ್ಲ. ಆದ್ದರಿಂದ ನೀರಿನಷ್ಟು ತೆಳುವಾಗಿಸಿ, ಒಂದು ಕೈ ಒಣಗಿದ ಮೇಲೆ ಇನ್ನೊಂದು ಕೈ, ಹೀಗೆ ಮೂರು ನಾಲ್ಕು ಸಲ ಬಳಿಯಬೇಕು. ಈ ಪಾಠ ಕಲಿಯಲು ನನಗೆ ಒಂದು ಇಟಲಿಯ ಲಾರಿ ಬಲಿಯಾಯಿತು.

ಇಷ್ಟರವರೆಗೆ ಬರೆದದ್ದೆಲ್ಲ ಪೀಠಿಕೆ. ನಾನು ಹೇಳಬೇಕೆಂದಿರುವುದು ಬೇರೊಂದು ಲಾರಿಯ ವಿಷಯ.

ನಮ್ಮ ತಂದೆ ಲಾರಿ ಡ್ರೈವರು. ಹದಿನೈದು ವರ್ಷ ಅವರದೇ ಒಂದು ಲಾರಿಯಿತ್ತು. ನಾನು ಹುಟ್ಟಿದ 2006ರಲ್ಲಿ ಸಾಲ ಮಾಡಿ ಕೊಂಡ, ಅದಾಗಲೇ ಇಬ್ಬರು ಧಣಿಗಳ ಕೈ ದಾಟಿದ್ದ ಟಾಟಾ 1612, ಮೂತಿಯಿರುವ ಜಾತಿಯದು. ಈ ಸಂಖ್ಯೆಗಳಲ್ಲಿ ಒಂದು ಅರ್ಥವುಂಟು: 16 ಎಂದರೆ ತುಂಬಿದ ಗಾಡಿಯ ಹದಿನಾರು ಟನ್ ತೂಕ, 12 ಎಂದರೆ ಸುಮಾರು ನೂರಿಪ್ಪತ್ತು ಅಶ್ವಶಕ್ತಿ. ರೈಲು ಎಂಜಿನ್ ಮಾಡಲೆಂದು 1945ರಲ್ಲಿ ಹುಟ್ಟಿದ ಟೆಲ್ಕೋ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆನ್ಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿತು. ಆ ಒಪ್ಪಂದ 1969ರಲ್ಲಿ ಮುಗಿಯಿತು. ಮುಗಿದರೂ ಆ ನಂಟಿನ ಛಾಯೆ ಮೂತಿಯ ಲಾರಿಗಳ ಗುಂಡು ಮುಖದಲ್ಲಿ ಬಹುಕಾಲ ಉಳಿದಿತ್ತು. ಕಾರ್ಖಾನೆಯಿಂದ ಬರುತ್ತಿದ್ದುದು ಮೂತಿ ಮತ್ತು ಚಾಸಿಸ್ ಮಾತ್ರ. ಡ್ರೈವರು ಕೂರುವ ಕ್ಯಾಬಿನ್ನು, ಸರಕಿನ ತೊಟ್ಟಿ ಎಲ್ಲವನ್ನೂ ಬಾಡಿ ಕಟ್ಟುವವರು ಮರದಲ್ಲಿ, ತಗಡಿನಲ್ಲಿ ಕಟ್ಟುತ್ತಿದ್ದರು. ಹಾಗಾಗಿ ಒಂದು ಲಾರಿಯಂತೆ ಇನ್ನೊಂದಿರುತ್ತಿರಲಿಲ್ಲ. ಈಗ ಆ ಕಾಲ ಸರಿಯುತ್ತಿದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣವೇ ಕಡ್ಡಾಯವಾಗಿದೆ. ಎಂಜಿನ್ನಿನ ಕಾವಿನಲ್ಲಿ ಬೆಂದವರ ಮಗನಾಗಿ ನನಗೆ ಅದರಲ್ಲಿ ಸಂತೋಷವೇ.

2020ರ ಮಾರ್ಚಿನಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿದಾಗ ನಮ್ಮ ಲಾರಿಯೂ ನಿಂತಿತು. ಎಂಜಿನ್ ಬಿಚ್ಚಿಸಿದ್ದ ಸಾಲ, ಟೈರಿನ ಸಾಲ ನಿಲ್ಲಲಿಲ್ಲ. 2021ರಲ್ಲಿ ಒಂದು ದಿನ ಇಬ್ಬರು ಬಂದು ಚಕ್ರ ಒದ್ದು ನೋಡಿ, ಟೀ ಕುಡಿದು, ಲಾರಿಯನ್ನು ತೆಗೆದುಕೊಂಡು ಹೋದರು. ಅಪ್ಪ ಈಗ ಬೇರೊಬ್ಬರ ಗಾಡಿಯನ್ನು ಸಂಬಳಕ್ಕೆ ಓಡಿಸುತ್ತಾರೆ. ಆ ದಿನದಿಂದ ಅವರು ನಮ್ಮ ಲಾರಿಯ ಮಾತನ್ನು ಎತ್ತಿದವರಲ್ಲ, ನಾವೂ ಎತ್ತಲಿಲ್ಲ. ಮನೆಯ ಮುಂದೆ ಅದು ನಿಲ್ಲುತ್ತಿದ್ದ ಕಡೆ ನೆಲದಲ್ಲಿ ಎಣ್ಣೆಯ ಕಲೆಯೊಂದಿತ್ತು. ಅವ್ವ ಅದರ ಪಕ್ಕದಲ್ಲೇ ರಂಗೋಲಿ ಹಾಕುತ್ತಿದ್ದಳು.

ಕಳೆದ ವರ್ಷ ನನಗೆ ಆ ಲಾರಿಯನ್ನು ಮಾಡಬೇಕೆನಿಸಿತು. ಇದಕ್ಕೆ ಕಿಟ್ಟಿಲ್ಲ, ಸಂಖ್ಯೆ ಬರೆದ ಭಾಗಗಳಿಲ್ಲ. ಎಲ್ಲವನ್ನೂ ರಟ್ಟು, ಐಸ್‌ಕ್ರೀಮ್ ಕಡ್ಡಿ, ಪ್ಲಾಸ್ಟಿಕ್ ಹಾಳೆಗಳಿಂದ ನಾನೇ ಕತ್ತರಿಸಬೇಕು. ಅದಕ್ಕೇನು, ಹದಿನೈದು ವರ್ಷ ಕಣ್ಣೆದುರಿಗಿದ್ದ ಗಾಡಿ, ಅದರೊಳಗೆ ಮಲಗಿ ನಿದ್ದೆ ಮಾಡಿದ್ದೇನೆ ಎಂದುಕೊಂಡು ಪೆನ್ಸಿಲು ಹಿಡಿದು ಕುಳಿತೆ. ಹತ್ತು ನಿಮಿಷದಲ್ಲಿ ಬೆವರಿದೆ. ಕ್ಯಾಬಿನ್ನಿನ ಬಾಗಿಲು ಯಾವ ಕಡೆಗೆ ತೆರೆಯುತ್ತಿತ್ತು? ಹತ್ತುವ ಮೆಟ್ಟಿಲು ಒಂದೋ ಎರಡೋ? ಡೀಸೆಲ್ ಟ್ಯಾಂಕು ಎಡಕ್ಕೋ ಬಲಕ್ಕೋ? ತೊಟ್ಟಿಯ ಪಕ್ಕದಲ್ಲಿ ಹಗ್ಗ ಕಟ್ಟುವ ಕೊಕ್ಕೆಗಳೆಷ್ಟು? ಒಂದಕ್ಕೂ ಉತ್ತರವಿಲ್ಲ. ದಿನವೂ ನೋಡಿದ್ದೆ ನಿಜ, ಆದರೆ ಒಂದು ದಿನವೂ ಗಮನಿಸಿರಲಿಲ್ಲ.

ಇತಿಹಾಸ ತರಗತಿಯಲ್ಲಿ ಮೇಷ್ಟ್ರು ಆಕರಗಳ ಬಗ್ಗೆ ಹೇಳುವಾಗ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವನಿಗೆ ಈಗ ಆಕರದ ಬೆಲೆ ತಿಳಿಯಿತು. ಮನೆಯಲ್ಲಿ ಲಾರಿಯ ಫೋಟೋ ಎರಡೇ ಎರಡು. ಒಂದು ಆಯುಧಪೂಜೆಯದು: ಎರಡು ಬಾಳೆಕಂದು, ಮೂತಿಯ ತುಂಬ ಚೆಂಡುಹೂವಿನ ಹಾರ, ಬಂಪರಿನ ಮುಂದೆ ಬೂದುಗುಂಬಳ. ಪೂಜೆ ಎಷ್ಟು ಭರ್ಜರಿಯಾಗಿತ್ತೆಂದರೆ ಲಾರಿಯೇ ಕಾಣುವುದಿಲ್ಲ. ಇನ್ನೊಂದರಲ್ಲಿ ನಾನು ಮೂರು ವರ್ಷದವನು ಸ್ಟಿಯರಿಂಗ್ ಹಿಡಿದು ಅಳುತ್ತಿದ್ದೇನೆ. ಹಿನ್ನೆಲೆಯಲ್ಲಿ ಒಂದು ಕನ್ನಡಿಯ ಅಂಚು.

ಲಿಖಿತ ಆಕರ ಸೋತ ಮೇಲೆ ಮೌಖಿಕ ಆಕರಕ್ಕೆ ಹೊರಟೆ. ಅಪ್ಪನನ್ನು ಮಾತ್ರ ಕೇಳಲಿಲ್ಲ. ಲಾರಿಯ ಹಿಂದೆ ಏನು ಬರೆದಿತ್ತು ಎಂಬ ಒಂದು ಪ್ರಶ್ನೆಗೆ ಸಿಕ್ಕ ಉತ್ತರಗಳನ್ನು ಕೇಳಿ. ನನ್ನ ನೆನಪಿನಲ್ಲಿ ಇದ್ದುದು 'ತಾಯಿಯ ಆಶೀರ್ವಾದ'. ಬಹಳ ವರ್ಷ ಕ್ಲೀನರಾಗಿದ್ದು ಈಗ ಪಂಕ್ಚರ್ ಅಂಗಡಿ ಇಟ್ಟಿರುವ ಅಣ್ಣ ಖಂಡಿತವಾಗಿ ಹೇಳಿದ: "ಬರೀ 'ಸೌಂಡ್ ಹಾರ್ನ್' ಅಂತ ಇತ್ತಪ್ಪ, ಇನ್ನೇನೂ ಇರ್ಲಿಲ್ಲ." ಅವ್ವ ಒಲೆಯ ಮುಂದಿನಿಂದ ತಿರುಗದೆಯೇ ಹೇಳಿದಳು: "'ಮತ್ತೆ ಸಿಗೋಣ' ಅಂತ ಬರೆದಿತ್ತು. ಕೆಳಗೆ ಎರಡು ಗಿಣಿ." ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀ ಎಂದೆ. "ಪ್ರತಿ ಸಲ ಹೋಗೋವಾಗ ತಿರುವು ದಾಟೋವರೆಗೂ ನಾನು ನೋಡ್ತಿದ್ದದ್ದು ಅದರ ಹಿಂಭಾಗ ತಾನೆ?" ಎಂದಳು.

ಕೊನೆಗೆ ಪೇಂಟರ್ ಸಾಬರನ್ನು ಹುಡುಕಿಕೊಂಡು ಹೋದೆ. ಒಂದು ಕಾಲದಲ್ಲಿ ನಮ್ಮ ಕಡೆಯ ಅರ್ಧ ಲಾರಿಗಳ ಮೇಲೆ ಅವರ ಕೈಬರಹವಿತ್ತು. ಈಗ ಮಗ ಫ್ಲೆಕ್ಸ್ ಅಂಗಡಿ ನಡೆಸುತ್ತಾನೆ. ಇವರು ಗಲ್ಲಾದಲ್ಲಿ ಕೂರುತ್ತಾರೆ. ನನ್ನ ಪ್ರಶ್ನೆ ಕೇಳಿ ನಕ್ಕರು.

"ನೀನು ಡ್ರೈವರಣ್ಣನ ಮಗ ಅಲ್ವೇನಪ್ಪ? ಮೂರು ಜನಾನೂ ಸರಿಯಾಗೇ ಹೇಳಿದ್ದಾರೆ. ಎಫ್.ಸಿ.ಗೆ ಹೋಗೋ ಮುಂಚೆ ಗಾಡಿಗೆ ಹೊಸ ಬಣ್ಣ ಆಗ್ತಿತ್ತು. ಒಂದೊಂದು ಸಲ ಒಂದೊಂದು ಬರೀತಿದ್ದೆ. ನೀನು ಯಾವ ವರ್ಷದ ಗಾಡಿ ಮಾಡ್ತಿದ್ದೀಯ, ಅದನ್ನ ಹೇಳು ಮೊದಲು."

ನಾನು ತಬ್ಬಿಬ್ಬಾದೆ. ಲಾರಿ ಎಂದರೆ ಒಂದೇ ಲಾರಿ ಎಂದುಕೊಂಡಿದ್ದೆ. ಹದಿನೈದು ವರ್ಷಗಳಲ್ಲಿ ಅದಕ್ಕೆ ಎಷ್ಟು ಸಲ ಬಣ್ಣ ಬದಲಾಗಿತ್ತೋ, ಬಂಪರು ಎಷ್ಟು ಸಲ ನೇರವಾಗಿತ್ತೋ! ಮಾದರಿ ಮಾಡುವವನು ಅದರಲ್ಲಿ ಒಂದು ದಿನವನ್ನು ಆರಿಸಿಕೊಳ್ಳಬೇಕು.

ಸಾಬರು ಆ ಮಧ್ಯಾಹ್ನವೆಲ್ಲ ನನಗೆ ಪಾಠ ಹೇಳಿದರು. ಸೀಮೆಸುಣ್ಣ ಬಳಿದ ದಾರವನ್ನು ಎಳೆದು ಚಿಮ್ಮಿಸಿ ಗೆರೆ ಹಾಕುವುದು, ಕೈ ನಡುಗದಿರಲು ಎಡಗೈಯಲ್ಲಿ ಕೋಲು ಹಿಡಿದು ಅದರ ಮೇಲೆ ಬಲಗೈ ಊರುವುದು, ಅಕ್ಷರದ ದಪ್ಪ ಗೆರೆಯನ್ನು ಒಂದೇ ಉಸಿರಿಗೆ ಎಳೆಯುವುದು. ತೊಟ್ಟಿಯ ಬಣ್ಣದ ಮಾತು ಬಂದಾಗ ಇನ್ನಷ್ಟು ಹುರುಪಾದರು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ನ್ಯಾಷನಲ್ ಪರ್ಮಿಟ್ ಲಾರಿಯ ಬಾಡಿಗೆ 'ಒಣಗಿದ ಎಲೆಯ ಕಂದು' ಬಣ್ಣ, ಸುತ್ತ ಮೂವತ್ತು ಸೆಂಟಿಮೀಟರ್ ಅಗಲದ ಬಿಳಿಯ ಅಂಚು, ಎರಡೂ ಪಕ್ಕದಲ್ಲಿ ಅರವತ್ತು ಸೆಂಟಿಮೀಟರ್ ವ್ಯಾಸದ ವೃತ್ತದೊಳಗೆ 'ನ್ಯಾಷನಲ್ ಪರ್ಮಿಟ್' ಎಂಬ ಬರಹ ಎಂದು ವಿಧಿಸಲಾಗಿತ್ತು. "ಒಣಗಿದ ಎಲೆ ಅಂತಾರೆ, ಯಾವ ಮರದ್ದು ಅಂತ ಹೇಳ್ಬೇಡ್ವ? ಹಲಸಿನ ಎಲೆ ಒಂದು ಬಣ್ಣ, ತೇಗದ ಎಲೆ ಒಂದು ಬಣ್ಣ. ನಾನು ಅರಳಿ ಎಲೆ ಹಿಡಿದಿದ್ದೆ," ಎಂದರು. ನಾನು ಮನೆಗೆ ಬರುವಾಗ ದಾರಿಯಲ್ಲಿ ಒಣಗಿದ ಅರಳಿ ಎಲೆಯೊಂದನ್ನು ಆರಿಸಿ ಪುಸ್ತಕದಲ್ಲಿಟ್ಟುಕೊಂಡೆ. ಮೂವತ್ತು ಸೆಂಟಿಮೀಟರಿನ ಅಂಚು ನನ್ನ ಲಾರಿಯಲ್ಲಿ ಹನ್ನೆರಡೂವರೆ ಮಿಲಿಮೀಟರಾಯಿತು. ವೃತ್ತ ಇಪ್ಪತ್ತೈದು ಮಿಲಿಮೀಟರಾಯಿತು. ಎಲೆಯ ಬಣ್ಣವನ್ನು ಕಲಸಿ ಬಳಿದರೆ ಪುಟ್ಟ ತೊಟ್ಟಿಯ ಮೇಲೆ ಅದು ತೀರ ಕಪ್ಪಾಗಿ ಕಂಡಿತು. ಚಿಕ್ಕ ವಸ್ತುವಿನ ಮೇಲೆ ಬಣ್ಣ ಗಾಢವಾಗಿ ತೋರುತ್ತದೆಂದು ಮಾದರಿ ಮಾಡುವವರು ಸ್ವಲ್ಪ ಬಿಳಿ ಬೆರೆಸುವ ರೂಢಿಯುಂಟು. ನಾನೂ ಬೆರೆಸಿದೆ.

ಇಷ್ಟೆಲ್ಲ ಆದರೂ ಗಾಡಿ ಅರ್ಧಕ್ಕೆ ನಿಂತಿತು. ಹೊರಗಿನದನ್ನು ಅವರಿವರಿಂದ ಕೇಳಿ ಕಟ್ಟಬಹುದು. ಕ್ಯಾಬಿನ್ನಿನ ಒಳಗಿನದನ್ನು ಬಲ್ಲವರು ಒಬ್ಬರೇ.

ಒಂದು ರಾತ್ರಿ ಅಪ್ಪ ಹುಬ್ಬಳ್ಳಿಯಿಂದ ಬಂದವರು ಕಿಟಕಿಯ ಕೆಳಗೆ ಅದನ್ನು ಕಂಡರು. ನಾನು ಮುಚ್ಚಿಡಲು ಮರೆತಿದ್ದೆ. ಅವರು ಕೈಕಾಲು ತೊಳೆಯದೆ ಹಾಗೆಯೇ ನಿಂತರು. ನಾನು ನಿದ್ದೆ ಬಂದವನಂತೆ ಮಲಗಿಕೊಂಡೇ ನೋಡಿದೆ. ಅವರು ಮುಟ್ಟಲಿಲ್ಲ. ಬಾಗಿ ಒಂದು ಪಕ್ಕದಿಂದ ನೋಡಿದರು, ಇನ್ನೊಂದು ಪಕ್ಕದಿಂದ ನೋಡಿದರು. ಆಮೇಲೆ ದೀಪ ಆರಿಸಿದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಆರಿದ ಗಾಯವನ್ನು ಕೆದಕಿದೆನೋ ಎಂಬ ಅಳುಕು.

ಬೆಳಗ್ಗೆ ಕಾಫಿ ಕುಡಿಯುತ್ತ ಅಪ್ಪ ಕೇಳಿದರು: "ಅದು ಖಾಲಿ ಗಾಡಿಯೋ, ಲೋಡ್ ಗಾಡಿಯೋ?"

ನನಗೆ ಅರ್ಥವಾಗಲಿಲ್ಲ.

"ಹಿಂದೆ ಅಷ್ಟು ಎತ್ತರಕ್ಕೆ ನಿಂತೈತೆ, ಅಂದ್ರೆ ಖಾಲಿ. ಲೋಡ್ ಬಿದ್ರೆ ಸ್ಪ್ರಿಂಗ್ ಪಟ್ಟಿ ಕೂರ್ತಾವೆ, ಗಾಡಿ ಸಮ ಆಗ್ತೈತೆ. ಖಾಲಿ ಗಾಡಿ ಯಾಕೆ ಮಾಡ್ತೀಯ? ಖಾಲಿ ಗಾಡಿಗೆ ಬಾಡಿಗೆ ಇಲ್ಲ."

"ಯಾವ ವರ್ಷದ್ದು ಮಾಡಲಪ್ಪ?" ಎಂದು ಕೇಳಿದೆ.

ಅವರು ಸ್ವಲ್ಪ ಹೊತ್ತು ಲೋಟ ನೋಡಿದರು. "ಎರಡು ಸಾವಿರದ ಹದಿಮೂರು. ಗಾಡಿ ಸಾಲ ತೀರಿದ ವರ್ಷ. ಈರುಳ್ಳಿಗೆ ರೇಟ್ ಬಂದಿತ್ತು." ಆಮೇಲೆ ಅವ್ವನ ಕಡೆ ತಿರುಗಿ, "ಅವತ್ತು ಹಿಂದೆ ಏನು ಬರೆಸಿದ್ದೆ?" ಎಂದರು.

"ಗಿಣಿ," ಎಂದಳು ಅವ್ವ. "ನಾನು ಹೇಳ್ಲಿಲ್ವ?"

ಅಲ್ಲಿಂದ ಮುಂದೆ ಅಪ್ಪ ಮನೆಯಲ್ಲಿದ್ದ ದಿನಗಳಲ್ಲೆಲ್ಲ ಕೆಲಸ ನಡೆಯಿತು. ಅವರಿಗೆ ಅಡಿ ಅಂಗುಲಗಳಲ್ಲಿ ಏನೂ ನೆನಪಿರಲಿಲ್ಲ. ಮೈಯಲ್ಲಿ ಎಲ್ಲವೂ ನೆನಪಿತ್ತು. ಮೆಟ್ಟಿಲ ಎತ್ತರ ಎಷ್ಟು ಎಂದರೆ ಎದ್ದು ನಿಂತು, ಕಾಲೆತ್ತಿ, ಮೊಣಕಾಲಿಗಿಂತ ನಾಲ್ಕು ಬೆರಳು ಕೆಳಗೆ ಕೈಯಿಟ್ಟು ತೋರಿಸುತ್ತಿದ್ದರು. ಗೇರಿನ ಕೋಲು ಎಲ್ಲಿತ್ತು ಎಂದರೆ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿ ಎಡಗೈ ಚಾಚುತ್ತಿದ್ದರು. ನಾನು ಟೇಪು ಹಿಡಿದು ಅಳೆದುಕೊಳ್ಳುತ್ತಿದ್ದೆ. ಹೀಗೆ ಅಪ್ಪನ ಮೈಯನ್ನು ಅಳೆದು ಇಪ್ಪತ್ತನಾಲ್ಕರಿಂದ ಭಾಗಿಸಿ ಕ್ಯಾಬಿನ್ನು ಕಟ್ಟಿದೆ. ಲಾರಿಯ ಹಿಂಭಾಗ ಅವರಿಗೆ ಅಷ್ಟಾಗಿ ತಿಳಿಯದು, ಅದು ಅವ್ವನ ವಿಭಾಗ. ಪಕ್ಕದ ಕೊಕ್ಕೆಗಳು ಕ್ಲೀನರಣ್ಣನ ವಿಭಾಗ. ಇಡೀ ಲಾರಿಯನ್ನು ನೋಡಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ಲೋಡು ಎಂದರೆ ಈರುಳ್ಳಿ. ನಮ್ಮ ಚಿತ್ರದುರ್ಗದ ಕಡೆಯಿಂದ ಯಶವಂತಪುರದ ಮಾರುಕಟ್ಟೆಗೆ. ಹತ್ತು ಟನ್ ಲೋಡಿಗೆ ಐವತ್ತು ಕಿಲೋದ ಇನ್ನೂರು ಚೀಲ ಬೇಕು. ನಿಜವಾದ ಗೋಣಿಯ ಚೂರಿನಿಂದ ಒಂದು ಚೀಲ ಹೊಲಿದು ನೋಡಿದೆ: ಅದರ ಎಳೆ ಈ ಅಳತೆಯಲ್ಲಿ ಮಿಣಿ ಹಗ್ಗದಷ್ಟು ದಪ್ಪ ಕಂಡಿತು. ಹಳೆಯ ಪಂಚೆಯ ತೆಳುವಾದ ಬಟ್ಟೆಯನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿದಾಗ ಸರಿಹೋಯಿತು. ಒಳಗೆ ಏನು ತುಂಬುವುದು? ಎರಡು ಮಿಲಿಮೀಟರಿನ ಸಾಸಿವೆ ಕಾಳನ್ನು ಇಪ್ಪತ್ತನಾಲ್ಕರಿಂದ ಗುಣಿಸಿ: ನಲವತ್ತೆಂಟು ಮಿಲಿಮೀಟರು, ಒಳ್ಳೆಯ ಈರುಳ್ಳಿಯ ಗಾತ್ರ! ಈ ಸಂಶೋಧನೆಯನ್ನು ಅವ್ವನಿಗೆ ಹೇಳಿದಾಗ ಅವಳಿಗೆ ಸಂತೋಷವಾಗಲಿಲ್ಲ. ಒಗ್ಗರಣೆ ಡಬ್ಬಿಯನ್ನು ಒಂದು ವಾರ ಅಡಗಿಸಿಟ್ಟಳು. ಆಮೇಲೆ ತಾನೇ ಕೂತು ಅರವತ್ತು ಚೀಲ ಹೊಲಿದು ತುಂಬಿದಳು. ಒಳಗೆ ರಟ್ಟಿನ ಡಬ್ಬವಿಟ್ಟು ಚೀಲಗಳನ್ನು ಹೊರಸುತ್ತಿಗೆ ಮಾತ್ರ ಜೋಡಿಸಿದ್ದು ಅಪ್ಪನಿಗೆ ಹಿಡಿಸಲಿಲ್ಲ. "ಒಳಗೆ ಖಾಲೀನಾ? ಚೆಕ್‌ಪೋಸ್ಟ್‌ನಾಗೆ ಹಿಡೀತಾರೆ," ಎಂದರು. ಆ ಲಾರಿಯ ವಿಷಯದಲ್ಲಿ ಅವರು ತಮಾಷೆ ಮಾಡಿದ್ದನ್ನು ನಾಲ್ಕು ವರ್ಷದಲ್ಲಿ ಅಂದೇ ಮೊದಲು ಕೇಳಿದೆ.

ತಾಡಪಾಲು ಹೊದಿಸುವಾಗ ನಾನು ಪೂರ್ತಿ ಮುಚ್ಚಹೊರಟೆ. "ಈರುಳ್ಳಿಗೆ ಗಾಳಿ ಬೇಕು ಕಣೋ, ಮುಚ್ಚಿದ್ರೆ ಬೆವರಿ ಕೊಳೀತೈತೆ," ಎಂದು ಮೇಲ್ಭಾಗಕ್ಕೆ ಮಾತ್ರ ಹಾಕಿಸಿದರು. ಹಗ್ಗ ಬಿಗಿಯುವುದನ್ನು ನನಗೆ ಬಿಡಲೇ ಇಲ್ಲ. ಕನ್ನಡಕ ಹಾಕಿಕೊಂಡು, ಆ ದಪ್ಪ ಬೆರಳುಗಳಲ್ಲಿ ಹೊಲಿಗೆಯ ದಾರ ಹಿಡಿದು, ಕೊಕ್ಕೆಯಿಂದ ಕೊಕ್ಕೆಗೆ ಹಾಯಿಸಿ, ನಡುವೆ ಕುಣಿಕೆ ಮಾಡಿ, ಅದರೊಳಗೆ ತುದಿ ತೂರಿಸಿ ಕೆಳಕ್ಕೆಳೆದು ಲಾರಿಯವರ ಗಂಟು ಹಾಕಿದರು. ಎರಡು ಗಂಟೆ ಹಿಡಿಯಿತು. ಮುಗಿದ ಮೇಲೆ ಹೊರೆಯ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿದರು. ಅದು ಅವರ ಹಳೆಯ ಅಭ್ಯಾಸ. ಅದನ್ನು ನೋಡಿದಾಗ ನನಗೆ ಥಟ್ಟನೆ ನೆನಪಾಯಿತು.

ಕೊನೆಯ ಕೆಲಸ ಧೂಳು. "ನಮ್ಮ ಗಾಡಿ ಇಷ್ಟು ಹೊಸದಾಗಿರ್ಲಿಲ್ಲ," ಎಂದರು ಅಪ್ಪ. ರಸ್ತೆಯ ಧೂಳನ್ನೇ ತಂದು ಬಟ್ಟೆಯಲ್ಲಿ ಸೋಸಿ ಉದುರಿಸಿದೆ. ನಿಜವಾದ ಧೂಳು ಆ ಅಳತೆಗೆ ಜಲ್ಲಿಯಂತೆ ಕಂಡಿತು. ಬಣ್ಣದ ಸೀಮೆಸುಣ್ಣವನ್ನು ನುಣ್ಣಗೆ ಅರೆದು ಒಣ ಕುಂಚದಿಂದ ಚಕ್ರದ ಮೇಲೆ, ಮಡ್‌ಗಾರ್ಡಿನ ಹಿಂದೆ ಸವರಿದಾಗ ಹೆದ್ದಾರಿಯಲ್ಲಿ ಓಡಿ ಬಂದ ಗಾಡಿಯಾಯಿತು. ತೂಗಿ ನೋಡಿದೆ: ಆರು ನೂರ ಇಪ್ಪತ್ತು ಗ್ರಾಂ. ಲೆಕ್ಕಕ್ಕೆ ಅರ್ಧದಷ್ಟು ಕಡಿಮೆ. ಓವರ್‌ಲೋಡ್ ಅಲ್ಲವೆಂದು ಅಪ್ಪನಿಗೆ ಸಮಾಧಾನ.

ಸಹಪಾಠಿಗಳೇ, ನೀವೆಲ್ಲ ಲಾರಿ ಮಾಡಿ ಎಂದು ನಾನು ಬೋಧಿಸುವುದಿಲ್ಲ; ಪರೀಕ್ಷೆ ಹತ್ತಿರದಲ್ಲಿದೆ. ಒಂದು ಚಿಕ್ಕ ಕೆಲಸ ಮಾತ್ರ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ದಿನವೂ ಕಾಣುವ ಒಂದು ವಸ್ತುವನ್ನು, ಅಪ್ಪನ ಸೈಕಲ್ಲೋ, ಅಮ್ಮನ ಹೊಲಿಗೆ ಯಂತ್ರವೋ, ಅಜ್ಜಿಯ ಬೀಸುವ ಕಲ್ಲೋ, ನೆನಪಿನಿಂದ ಬರೆಯಲು ಕೂರಿ. ಹತ್ತು ನಿಮಿಷದಲ್ಲಿ ತಡವರಿಸುತ್ತೀರಿ. ಆಗ ಎದ್ದು ಹೋಗಿ ಅವರನ್ನು ಕೇಳಿ. ನಮ್ಮ ಮನೆಯಲ್ಲಿ ನಾಲ್ಕು ವರ್ಷ ನಿಂತಿದ್ದ ಮಾತು ಹೊರಟದ್ದು ಹಾಗೆಯೇ.

ಈ ಸಲದ ಆಯುಧಪೂಜೆಗೆ ಅವ್ವ ನನ್ನ ಬ್ಲೇಡು, ಕುಂಚಗಳನ್ನೂ ತೊಳೆದು ಮಣೆಯ ಮೇಲಿಟ್ಟಳು. ಲಾರಿಯ ಮೂತಿಗೆ ಒಂದು ಬೊಟ್ಟು ಕುಂಕುಮ ಇಟ್ಟಳು. ಬೂದುಗುಂಬಳದ ಬದಲು ಒಂದು ನಿಂಬೆಹಣ್ಣು. ನಾನು ಲಾರಿಯನ್ನು ಗೋಡೆಯ ಗೂಡಿನಲ್ಲಿ, ಬರಹ ಕಾಣಲೆಂದು ಹಿಂಭಾಗ ಹೊರಗೆ ಮಾಡಿ ಇಟ್ಟಿದ್ದೆ. ಮರುದಿನ ಬೆಳಗಿನ ಜಾವ ಅಪ್ಪ ಡ್ಯೂಟಿಗೆ ಹೊರಟವರು ಚಪ್ಪಲಿ ಮೆಟ್ಟಿಕೊಂಡು ಬಾಗಿಲವರೆಗೆ ಹೋಗಿ ಹಿಂತಿರುಗಿದರು. ಅದನ್ನು ಎರಡೂ ಕೈಯಲ್ಲಿ ಎತ್ತಿ, ಮೆಲ್ಲಗೆ ತಿರುಗಿಸಿ, ಮೂತಿ ಬಾಗಿಲ ಕಡೆಗೆ ಬರುವಂತೆ ಇಟ್ಟರು.

"ಗಾಡಿ ನಿಲ್ಲಿಸೋವಾಗ ಯಾವತ್ತೂ ಮುಖ ರಸ್ತೆ ಕಡೆ ಇರಬೇಕು ಕಣೋ," ಎಂದು ಹೇಳಿ ಹೊರಟರು.